‘ಸ್ಪಾ ಟೌನ್’, ‘ವೆಲ್’, ‘ಪಂಪ್ ರೂಮ್’: ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹ್ಯಾರೊಗೇಟ್ ಪಟ್ಟಣದ ಚರಿತ್ರೆಯಲ್ಲಿ ಈ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ‘ಬಿಸಿನೀರಿನ ಬುಗ್ಗೆಯ ಊರು’, ‘ಬಾವಿ’, ‘ಪಂಪ್‌ಹೌಸ್’ ಎಂದು ಬರೆದರೆ ಸರಿಯೇ?

ಉತ್ತರ: ಮೂರೂ ದಾರಿ ತಪ್ಪಿಸುತ್ತವೆ. ಹ್ಯಾರೊಗೇಟಿನ ನೀರು ತಣ್ಣಗಿನದು. ಬಿಸಿನೀರು ಉಕ್ಕುವುದು ಇಂಗ್ಲೆಂಡಿನದೇ ಬಾತ್ ನಗರದಲ್ಲಿ, ಸುಮಾರು 46 ಡಿಗ್ರಿ ಸೆಲ್ಸಿಯಸ್‌ನಲ್ಲಿ. ‘ಬುಗ್ಗೆ’ಯನ್ನು ಅದಕ್ಕೇ ಉಳಿಸಿ.

‘ಸ್ಪಾ’ ಮೂಲದಲ್ಲಿ, ಔಷಧಿಯ ನೀರಿಗೆ ಪ್ರಸಿದ್ಧವಾದ ಬೆಲ್ಜಿಯಂನ ಒಂದು ಊರಿನ ಹೆಸರು. ಲ್ಯಾಟಿನ್ ಮಾತುಗಳ ಮೊದಲಕ್ಷರ ಕೂಡಿಸಿ ಆದ ಪದವೆಂಬ ವಿವರಣೆ ಆಮೇಲೆ ಕಟ್ಟಿದ್ದು, ದಯವಿಟ್ಟು ಅಡಿಟಿಪ್ಪಣಿಗೂ ಹಾಕಬೇಡಿ. 1571ರಲ್ಲಿ ವಿಲಿಯಂ ಸ್ಲಿಂಗ್ಸ್‌ಬಿ ಹ್ಯಾರೊಗೇಟಿನ ಟೀವಿಟ್ ವೆಲ್ ನೀರು ಕುಡಿದು, ಬೆಲ್ಜಿಯಂನ ಆ ಊರಿನ ನೀರಿನದೇ ರುಚಿ ಎಂದು ಗುರುತಿಸಿದ. ಆ ಹೋಲಿಕೆಯಿಂದಲೇ ಹೆಸರು ಇಲ್ಲಿಗೂ ಬಂತು. ವೈದ್ಯ ಎಡ್ಮಂಡ್ ಡೀನ್ 1626ರಲ್ಲಿ ಈ ನೀರಿನ ಬಗ್ಗೆ ಬರೆದ ಪುಸ್ತಕದ ಹೆಸರು ‘ಸ್ಪಡಾಕ್ರೆನೆ ಆಂಗ್ಲಿಕಾ’, ಅಂದರೆ ‘ಇಂಗ್ಲೆಂಡಿನ ಸ್ಪಾ ಊಟೆ’.

ಈಗ ಕನ್ನಡದಲ್ಲಿ ‘ಸ್ಪಾ’ ಎಂದರೆ ಮಸಾಜು, ಮುಖದ ಲೇಪ ನೆನಪಾಗುತ್ತದೆ. ಆದ್ದರಿಂದ ಮೊದಲ ಸಲ ‘ಮದ್ದುನೀರಿನ ಊರು’ ಎಂದು ಬರೆದು, ಮುಂದೆ ‘ಸ್ಪಾ’ ಬಳಸಬಹುದು. ‘ತೀರ್ಥ’ ಹ್ಯಾರೊಗೇಟಿಗೆ ಒಪ್ಪದು, ಏಕೆಂದರೆ ಇಲ್ಲಿ ಜನರನ್ನು ಕರೆತಂದದ್ದು ವೈದ್ಯರ ಮಾತು. ರೋಮನ್ನರು ಸೂಲಿಸ್ ಮಿನರ್ವಾ ದೇವಿಯ ಗುಡಿ ಕಟ್ಟಿದ್ದ ಬಾತ್‌ಗಾದರೆ ಒಪ್ಪುತ್ತದೆ.

‘ವೆಲ್’ ಇಲ್ಲಿ ತೋಡಿದ ಬಾವಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತಾನಾಗಿ ಉಕ್ಕುವ ನೀರು ಎಂಬ ಅರ್ಥವಿತ್ತು. ‘ಊಟೆ’ ಅಥವಾ ‘ಒರತೆ’ ಸರಿ. ಟೀವಿಟ್ ಎಂಬುದು ಅಲ್ಲಿನ ಆಡುಮಾತಿನಲ್ಲಿ ಒಂದು ಬಗೆಯ ಟಿಟ್ಟಿಭ ಹಕ್ಕಿ. ಎರಡು ಭಾಷೆಗಳೂ ಕೂಗಿನಿಂದಲೇ ಹೆಸರು ಕಟ್ಟಿವೆ. ಆದರೂ ಅಂಕಿತನಾಮವನ್ನು ಅನುವಾದಿಸಬೇಡಿ.

ಈ ಊಟೆಯದು ಕಬ್ಬಿಣದ ನೀರು. ರುಚಿಗೆ ‘ಲೋಹದ ರುಚಿ’ ಎನ್ನುವುದಕ್ಕಿಂತ ‘ಒಗರು’ ನಿಖರ. ನೆಲದಿಂದ ಬರುವಾಗ ತಿಳಿಯಾಗಿರುತ್ತದೆ. ಗಾಳಿ ತಾಗಿದರೆ ಕರಗಿದ್ದ ಕಬ್ಬಿಣ ತುಕ್ಕಿನ ಬಣ್ಣದ ಗಸಿಯಾಗಿ ತಳ ಸೇರುತ್ತದೆ, ಕೆಲವು ಕಡೆಯ ಬೋರ್‌ವೆಲ್ ನೀರು ಬಕೆಟ್ಟಿನಲ್ಲಿ ಕೆಂಪಾಗುವ ಹಾಗೆ. ಹ್ಯಾರೊಗೇಟಿನಲ್ಲಿ ಗಂಧಕದ ಊಟೆಗಳೂ ಇವೆ, ಆ ನೀರಿನದು ಕೊಳೆತ ಮೊಟ್ಟೆಯ ವಾಸನೆ. ತೆರೆದಿಟ್ಟರೆ ಅನಿಲ ಹಾರಿಹೋಗುತ್ತದೆ. ಹೀಗಾಗಿ ಊಟೆಯ ಬಳಿಯೇ ನಿಂತು ಕುಡಿಯಬೇಕಿತ್ತು, ಅದಕ್ಕೆ ಕಟ್ಟಡ ಬೇಕಾಯಿತು.

ಅದೇ ‘ಪಂಪ್ ರೂಮ್’. ನಮ್ಮಲ್ಲಿ ಪಂಪ್‌ಹೌಸ್ ಎಂದರೆ ಹೊಲದ ಮೋಟಾರಿನ ಕೋಣೆ. ಹ್ಯಾರೊಗೇಟಿನದು ಗಂಧಕದ ಊಟೆಯ ಮೇಲೆ 1842ರಲ್ಲಿ ಕಟ್ಟಿದ ಎಂಟು ಮೂಲೆಯ ಚೆಲುವಾದ ಕಟ್ಟಡ. ‘ನೀರುಮಂಟಪ’ ಎನ್ನಿ. ‘ಅರವಟ್ಟಿಗೆ’ ಎನ್ನಬೇಡಿ, ಒಳಗೆ ನೀರಿಗೆ ದುಡ್ಡು ಕೊಡಬೇಕಿತ್ತು. ಬಡವರಿಗಾಗಿ ಹೊರಗೋಡೆಯಲ್ಲಿ ಬಿಟ್ಟಿ ನಲ್ಲಿಯೊಂದನ್ನು ಇಟ್ಟಿದ್ದರು. ಅರವಟ್ಟಿಗೆ ಎಂಬ ಮಾತು ಅದಕ್ಕೆ ಸಲ್ಲುತ್ತದೆ.