ದೊಡ್ಡಪ್ಪನಿಗೆ, ತಂಗಿಗೂ ಸೇರಿಸಿ

ದೊಡ್ಡಪ್ಪ, ನಿಮ್ಮ ವಾಯ್ಸ್ ಮೆಸೇಜ್ ಈಗ ಕೇಳಿದೆ. "ಹೆರಿಗೆಗೆ ಆರು ತಿಂಗಳು ರಜೆ ಅಂತೆ, ನಾವೆಲ್ಲ ರಜೆ ಹಾಕದೆ ನೌಕರಿ ಮಾಡಲಿಲ್ವಾ" ಅಂದಿರಲ್ಲ, ಅದಕ್ಕೇ ಇದು. ಬೇಜಾರು ಮಾಡ್ಕೋಬೇಡಿ.

ನೀವು ರಜೆ ಹಾಕಲಿಲ್ಲ, ನಿಜ. ಆದರೆ ಅಜ್ಜ ಹಾಸಿಗೆ ಹಿಡಿದಾಗ ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು ಗಂಜಿ ಕುಡಿಸುತ್ತಿದ್ದವರು ದೊಡ್ಡಾಯಿ. ನೀವು ಎಂಟರ ಬಸ್ಸಿಗೆ ಹೊರಡುತ್ತಿದ್ದಿರಿ. ನಿಮ್ಮ ಪಾಲಿನ ರಜೆಯನ್ನು ಅವರು ಹಾಕುತ್ತಿದ್ದರು, ಸಂಬಳ ಇಲ್ಲದೆ. ಈಗ ಕಾರವಾರದ ಮನೆಯಲ್ಲಿ ತಂಗಿ, ಅವಳ ಗಂಡ ಇಬ್ಬರೇ. ಯಾರನ್ನು ಕರೆಯಬೇಕು ಹೇಳಿ.

ತಂಗಿ, ನೀನೂ ಕೇಳು. ಆಫೀಸಿನವರು ಮೂರು ತಿಂಗಳು ಸಾಕು ಅಂದರೆ ತಲೆ ಆಡಿಸಬೇಡ. ಕಾನೂನಿನಲ್ಲಿ ಹೆರಿಗೆ ರಜೆ 12 ವಾರ ಇದ್ದದ್ದು 2017ರಲ್ಲೇ 26 ವಾರ ಆಗಿದೆ, ಇಬ್ಬರು ಮಕ್ಕಳವರೆಗೆ, ಸಂಬಳ ಸಮೇತ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅಷ್ಟೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ವಾಪಸ್ ಹೋದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಬಿಡುವು ಕೊಡಲೇಬೇಕು. ಮನೆಯಿಂದ ಕೆಲಸ ಮಾತ್ರ ಅವರೂ ಒಪ್ಪಿದರೆ.

ನಮ್ಮ ಆಫೀಸಿನಲ್ಲಿ ಹಿರಿಯ ಕ್ಯಾಶಿಯರ್ ಒಬ್ಬರಿಗೆ ಮೊಣಕಾಲು ನೋವು. ಮಹಡಿ ಹತ್ತಲಾಗದು ಅಂದಿದ್ದೇ ತಡ, ಟೇಬಲ್ಲು, ಕಬ್ಬಿಣದ ಪೆಟ್ಟಿಗೆ ಎಲ್ಲ ಕೆಳಗೆ ಬಂತು. ಯಾರೂ ಸೋಮಾರಿತನ ಅನ್ನಲಿಲ್ಲ, ಅನ್ನಬಾರದು ಕೂಡ. ಅದೇ ಬಾಣಂತನ ಮುಗಿಸಿ ಬಂದ ಹುಡುಗಿ ಸ್ವಲ್ಪ ಹೊತ್ತು ಮನೆಗೆ ಹೋಗಿ ಬರ್ತೇನೆ ಅಂದರೆ ಎಲ್ಲರ ಮುಖ ಗಂಟಾಗುತ್ತದೆ!

ನನ್ನ ವಯಸ್ಸಿನವರ ಕತೆ ಬೇರೆ. ಆಯಿಯ ಚೆಕಪ್ ಅಂದರೆ ಶಿರಸಿಯಿಂದ ಹುಬ್ಬಳ್ಳಿ, ಇಡೀ ದಿನ ಹೋಯಿತು. ಕಾರವಾರದವರಿಗೆ ಗೋವಾ, ಇಲ್ಲ ಮಣಿಪಾಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗು ಎದ್ದಿತ್ತು, ನೆನಪಿದೆಯಲ್ಲ. ಖಾಸಗಿ ನೌಕರಿಯಲ್ಲಿ ಅಪ್ಪ ಅಮ್ಮನ ಆರೈಕೆಗೆ ಅಂತಲೇ ರಜೆ ಕಾನೂನಿನಲ್ಲಿ ಇಲ್ಲ. 20 ದಿನ ದುಡಿದರೆ ಒಂದು ಗಳಿಕೆ ರಜೆ, ಅದರಲ್ಲೇ ಹೊಂದಿಸಬೇಕು. ಶಿರಸಿಯ ಮಾರಿಜಾತ್ರೆಗೂ ಅದೇ ರಜೆ, ಅದು ಎರಡು ವರ್ಷಕ್ಕೊಮ್ಮೆ ಬರುವುದೇ ಪುಣ್ಯ.

ತಂಗಿ, ಸುಮ್ನೆ ಬಾಯಲ್ಲಿ ಕೇಳಬೇಡ. ಬರೆದು ಕೊಡು, ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೋ. ದೊಡ್ಡಪ್ಪ, ಆ ಅರ್ಜಿ ನೀವೇ ಬರೆದುಕೊಡಿ. ಅರ್ಜಿ ಬರೆಯುವುದರಲ್ಲಿ ನಿಮ್ಮ ಕೈ ನಮಗೆ ಯಾರಿಗೂ ಬಂದಿಲ್ಲ.