ಸಹಾಯ ಬೇಕು: ಅಕ್ವೇರಿಯಂಗೆ ಯಾವ ಮರಳು, ಯಾವ ಅಂಟು?

ನಮಸ್ಕಾರ. ಕಲಬುರಗಿಯಲ್ಲಿದ್ದೇನೆ. ಪರಿಚಯದವರೊಬ್ಬರಿಂದ ಹಳೆಯ ಗಾಜಿನ ಟ್ಯಾಂಕ್ ಸಿಕ್ಕಿದೆ. ಕೋರಿಡೋರಾಸ್ ಸಾಕುವ ಆಸೆ. ಈ ಮೀನು ತಳದ ಮರಳು ಕೆದಕುತ್ತಲೇ ಇರುತ್ತದೆ, ಕಣ ಚೂಪಾಗಿದ್ದರೆ ಮೀಸೆಗೆ ಪೆಟ್ಟು. ಹಾಗಾಗಿ ಕಲ್ಲು ಪುಡಿ ಮಾಡಿ ತೆಗೆಯುವ ಎಂ-ಸ್ಯಾಂಡ್ ಬೇಡವೇ ಬೇಡ.

ಪಕ್ಕದಲ್ಲಿ ಮನೆ ಕಟ್ಟಿಸುತ್ತಿರುವವರು ಒಂದು ಬುಟ್ಟಿ ಭೀಮಾ ನದಿಯ ಮರಳು ಕೊಟ್ಟರು. ತೊಳೆದು, ಒಣಗಿಸಿ, ಒಂದು ಹಿಡಿಯ ಮೇಲೆ ವಿನೆಗರ್ ಸುರಿದೆ. ಜಾಸ್ತಿ ಕಣಗಳು ಸುಮ್ನಿದ್ದವು. ಅಲ್ಲೊಂದು ಇಲ್ಲೊಂದು ಬಿಳಿ ಹರಳಿನಿಂದ ಮಾತ್ರ ಸಣ್ಣಗೆ ಗುಳ್ಳೆ ಎದ್ದವು. ಅಂದರೆ ಸುಣ್ಣ ಇದೆ. ಶಹಾಬಾದ್ ಕಲ್ಲಿನ, ಅಂದರೆ ಸುಣ್ಣದ ಕಲ್ಲಿನ ಸೀಮೆ ನಮ್ಮದು, ಇಲ್ಲದೆ ಇರುತ್ತದಾ! ನಮ್ಮ ಬೋರ್ ನೀರಂತೂ ಮೊದಲೇ ಗಡಸು, ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಈ ಮರಳೂ ಸೇರಿದರೆ ಪಿಎಚ್ ಇನ್ನೂ ಏರುತ್ತದೆ ಅಲ್ವಾ? ಇಷ್ಟು ಸುಣ್ಣ ನಡೆಯುತ್ತದಾ, ಇಲ್ಲ ಸಿಲಿಕಾ ಮರಳೇ ತರಬೇಕಾ? ಊರಲ್ಲಿ ಎಲ್ಲಿ ಸಿಗುತ್ತದೆ?

ಇನ್ನು ಅಂಟು. ಟ್ಯಾಂಕಿನ ಒಂದು ಮೂಲೆ ಜಿನುಗುತ್ತಿದೆ. ಅಂಗಡಿಯವರು ಕೊಟ್ಟ ಬಾತ್‌ರೂಮ್ ಸಿಲಿಕೋನ್ ಮೇಲೆ 'ಆಂಟಿ ಫಂಗಲ್' ಅಂತಿತ್ತು. ಬೂಷ್ಟು ಕೊಲ್ಲುವ ಮದ್ದು ಮೀನನ್ನು ಬಿಡುತ್ತದಾ? ವಾಪಸ್ ಕೊಟ್ಟೆ. ಮದ್ದು ಬೆರೆಸದ, ನೂರಕ್ಕೆ ನೂರು ಸಿಲಿಕೋನ್ ಯಾವುದು ಬಳಸುತ್ತೀರಿ? ಹಳೆಯದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಬ್ಲೇಡಿನಿಂದ ಕೆರೆಯಲೇಬೇಕು. ಆದರೆ ಆ ಮೂಲೆಯಷ್ಟೇ ಕೆರೆದರೆ ಸಾಕಾ, ಒಳಗಿನ ಅಂಚೆಲ್ಲ ತೆಗೆಯಬೇಕಾ? ಹಚ್ಚಿದ ಮೇಲೆ ನೀರು ತುಂಬಲು ಎಷ್ಟು ದಿನ ಬಿಡುತ್ತೀರಿ?

ಗಿಡವನ್ನು ಕಲ್ಲಿಗೆ ಅಂಟಿಸಲು ಸೂಪರ್ ಗ್ಲೂ ಜೆಲ್ ಇದೆ, ಅದರ ಚಿಂತೆಯಿಲ್ಲ. ನಮ್ಮ ಕಡೆ ಟ್ಯಾಂಕ್ ಇಟ್ಟವರು ದಯವಿಟ್ಟು ಹೇಳಿ.