ಅಪ್‌ಡೇಟ್: ಒಂದೇ ಹೆಸರಿನ ಎರಡು ವರ್ಕ್‌ಟ್ರೀ, ಗೊಂದಲ ಬಗೆಹರಿಯಿತು

ಗಿಟ್‌ನಲ್ಲಿ (ಕೋಡ್ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಎರಡು ವರ್ಕ್‌ಟ್ರೀಗೆ ಒಂದೇ ಹೆಸರಿಟ್ಟರೆ ತೊಂದರೆಯಾಗುತ್ತಾ ಅಂತ ಹೋದ ವಾರ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ವರ್ಕ್‌ಟ್ರೀ ಅಂದರೆ ಒಂದೇ ರೆಪೊದ (ಕೋಡ್ ಸಂಗ್ರಹದ) ಬೇರೆ ಬೇರೆ ಬ್ರಾಂಚ್‌ಗಳಲ್ಲಿ, ಅಂದರೆ ಕೋಡಿನ ಬೇರೆ ಬೇರೆ ಕವಲುಗಳಲ್ಲಿ, ಒಟ್ಟಿಗೆ ಕೆಲಸ ಮಾಡಲು ಇಡುವ ಪ್ರತ್ಯೇಕ ಫೋಲ್ಡರ್. ತುಮಕೂರಿನಲ್ಲಿ ಕೂತು ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುತ್ತೇನೆ. ಆ್ಯಪ್ ಸಿದ್ಧಪಡಿಸುವ ನಮ್ಮ ಬಿಲ್ಡ್ ಸ್ಕ್ರಿಪ್ಟಿಗೆ ಫೋಲ್ಡರ್ ಹೆಸರು ‘ಬಿಲ್ಲಿಂಗ್’ ಅಂತಲೇ ಇರಬೇಕು. ಅದಕ್ಕೇ ‘ಹಳೇದು/ಬಿಲ್ಲಿಂಗ್’, ‘ಹೊಸದು/ಬಿಲ್ಲಿಂಗ್’ ಎಂದು ಎರಡು ವರ್ಕ್‌ಟ್ರೀ ಮಾಡಿದ್ದೆ. ಒಂದು ಇನ್ನೊಂದನ್ನು ಅಳಿಸಿಬಿಟ್ಟರೆ ಅನ್ನೋದೇ ನನ್ನ ಭಯ.

ಹಾಗೇನೂ ಆಗುವುದಿಲ್ಲ. ಮೂಲ ರೆಪೊದ ‘.ಗಿಟ್/ವರ್ಕ್‌ಟ್ರೀಸ್’ ತೆರೆದು ನೋಡಿದೆ. ಒಳಗೆ ‘ಬಿಲ್ಲಿಂಗ್’, ‘ಬಿಲ್ಲಿಂಗ್1’ ಎಂದು ಎರಡಿವೆ! ಹೆಸರು ಒಂದೇ ಆದರೆ ಗಿಟ್ ತಾನೇ ಕೊನೆಗೊಂದು ಅಂಕಿ ಸೇರಿಸುತ್ತದೆ. ಎರಡಕ್ಕೂ ಬೇರೆ ಬೇರೆ ಹೆಡ್ (ಈಗ ಯಾವ ಬ್ರಾಂಚಿನಲ್ಲಿದ್ದೇವೆ ಎಂಬ ಗುರುತು), ಬೇರೆ ಇಂಡೆಕ್ಸ್ (ಮುಂದಿನ ಬಾರಿ ದಾಖಲಿಸಲು ಆರಿಸಿಟ್ಟ ಬದಲಾವಣೆಗಳು). ವರ್ಕ್‌ಟ್ರೀ ಒಳಗಿನ ‘.ಗಿಟ್’ ಫೋಲ್ಡರ್ ಅಲ್ಲ, ಒಂದೇ ಸಾಲಿನ ಫೈಲು. ಯಾವುದು ಎಲ್ಲಿಗೆ ಸೇರಿದ್ದು ಅಂತ ಆ ಸಾಲೇ ಹೇಳುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ನಿಜಕ್ಕೂ ಸಮಾಧಾನವಾಯಿತು.

ತೊಂದರೆ ಬಂದದ್ದು ತೆಗೆಯುವಾಗ. ‘ಗಿಟ್ ವರ್ಕ್‌ಟ್ರೀ ರಿಮೂವ್ ಬಿಲ್ಲಿಂಗ್’ ಅಂದರೆ ಅದು ವರ್ಕ್‌ಟ್ರೀ ಅಲ್ಲ ಅಂತ ಎರರ್. ಎರಡಿರುವಾಗ ಬರೀ ಹೆಸರು ಸಾಲದು, ಅಲ್ವಾ? ‘ಹಳೇದು/ಬಿಲ್ಲಿಂಗ್’ ಎಂದು ಕೊಟ್ಟೆ, ಹೋಯಿತು.

ಇನ್ನೊಂದು ಫೋಲ್ಡರನ್ನು ಸುಮ್ನೆ ಕೈಯಲ್ಲೇ ಬೇರೆ ಕಡೆ ಸರಿಸಿದ್ದೆ, ಅದು ಎಲ್ಲಿಗೆ ಹೋಯಿತು ಅಂತ ಗಿಟ್‌ಗೆ ಗೊತ್ತಾಗಲಿಲ್ಲ. ಹಾಗೆ ಮಾಡಬೇಡಿ, ‘ವರ್ಕ್‌ಟ್ರೀ ಮೂವ್’ ಬಳಸಿ. ನನಗೆ ಆ ಫೋಲ್ಡರ್ ಒಳಗೆ ಹೋಗಿ ‘ವರ್ಕ್‌ಟ್ರೀ ರಿಪೇರ್’ ಕೊಟ್ಟ ಮೇಲೆ ಸರಿಹೋಯಿತು. ಈಗ ಕೆಲಸ ಶುರು ಮಾಡುವ ಮೊದಲು ‘ವರ್ಕ್‌ಟ್ರೀ ಲಿಸ್ಟ್’ ನೋಡುತ್ತೇನೆ, ಪೂರ್ತಿ ದಾರಿ, ಬ್ರಾಂಚ್ ಎರಡೂ ಕಾಣುತ್ತವೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.